ರಟ್ಟಿನೊಳಗಿನ ಹಾಳೆಗಳು

ಸೂಜಿಯನ್ನು ಪುಸ್ತಕದ ಒಂಬತ್ತನೇ ಫಾರಂನ, ಅಂದರೆ ಹದಿನಾರು ಪುಟದ ಮಡಿಕೆಯ, ಬೆನ್ನಿನಿಂದ ಎಳೆದು ದಾರ ಬಿಗಿದೆ. ಅಲ್ಲಿದ್ದ ಅಚ್ಚಾದ ಹದಿನಾರು ಪುಟಗಳನ್ನು ಕಿತ್ತು ಮೇಜಿನ ಕೆಳಗೆ ಎಸೆದಿದ್ದೆ. ಅವುಗಳ ಜಾಗಕ್ಕೆ ಪೆನ್ಸಿಲಿನಲ್ಲಿ ಬರೆದ ಎಂಟು ಹಾಳೆಗಳು ಬಂದಿದ್ದವು.

"ಬೇಡ ಕಣೇ," ಎಂದಳು ಅಕ್ಕ, ಎದುರಿಗೆ ಕೂತು ಕಾಗದ ಮಡಿಸುತ್ತ. "ಹಳೇ ಗಾಯ. ಯಾಕೆ ಕೆರೀತೀಯ?"

"ಗಾಯ ನಿಂದು. ತುರಿಕೆ ನಂದು."

ಮರುದಿನ ಪೇಟೆಯ ಹಳೇ ಹರಾಜು ಚಾವಡಿಯಲ್ಲಿ ಸಾಹಿತ್ಯ ಉತ್ಸವ. ನಮ್ಮಿಬ್ಬರಿಗೂ ಪಾಠ ಹೇಳಿದ ಮೇಷ್ಟ್ರು ಈಗ ದೊಡ್ಡ ಲೇಖಕರು. ವೇದಿಕೆಯಲ್ಲಿ ಅವರು ಓದುವುದಕ್ಕೆಂದೇ ಅವರ ಕಾದಂಬರಿಯ ಒಂದು ಪ್ರತಿಗೆ ಚರ್ಮದ ಬೈಂಡಿಂಗ್ ಮಾಡಿಕೊಡಲು ಉತ್ಸವದವರು ಹೇಳಿದ್ದರು. ಎಲ್ಲಿ ಹೋದರೂ ಅವರು ಓದುವುದು ಅದೇ ಭಾಗ: ಗಂಡನ ಚಪ್ಪಲಿಯನ್ನು ಪೇಟೆಯ ತಕ್ಕಡಿಯಲ್ಲಿ ಕದ್ದುಮುಚ್ಚಿ ತೂಗುವ ಹೆಂಗಸಿನದು.

ಆ ಭಾಗವನ್ನು ಬರೆದವಳು ಅಕ್ಕ. ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಕೆಲಸದಲ್ಲಿ ಉಳಿದ ಹಾಳೆಗಳ ಮೇಲೆ. ಅದರ ನಕಲು ತೆಗೆದು, ತಿದ್ದಿಕೊಡಿ ಎಂದು ಆ ನಕಲನ್ನು ಮೇಷ್ಟ್ರ ಕೈಗೆ ಕೊಟ್ಟಳು. "ಇಲಿ ತಿಂದ್ಬಿಡ್ತಮ್ಮ," ಎಂದರು ಅವರು. "ತಿಂದಿದ್ದೇ ಒಳ್ಳೇದಾಯ್ತು ಬಿಡು, ಅದ್ರಲ್ಲಿ ಏನೂ ಇರ್ಲಿಲ್ಲ." ಅಕ್ಕ ನಂಬಿದಳು. ನಮ್ಮ ಕಸುಬಿನಲ್ಲಿ ರದ್ದಿ ಕಾಗದವನ್ನು ಪದರ ಪದರ ಅಂಟಿಸಿದರೆ ಪುಸ್ತಕಕ್ಕೆ ರಟ್ಟು. ತನ್ನ ಬಳಿ ಉಳಿದಿದ್ದ ಕರಡನ್ನೂ ಹಾಗೇ ಅಂಟಿಸಿಬಿಟ್ಟಳು. ಅದು ಯಾವ ಪುಸ್ತಕದ ರಟ್ಟಾಯಿತೋ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷಕ್ಕೆ ಮೇಷ್ಟ್ರ ಹೆಸರಿನಲ್ಲಿ ಕಾದಂಬರಿ ಬಂತು. ಅದರ ಎರಡನೇ ಮುದ್ರಣ ಬೈಂಡಿಂಗಿಗೆ ಬಂದದ್ದೂ ನಮ್ಮಲ್ಲಿಗೇ. ಅಕ್ಕ ಇಡೀ ದಿನ ಫಾರಂ ಮಡಿಸಿದಳು. ಒಂದೂ ಸೊಟ್ಟಗಾಗಲಿಲ್ಲ. ಅಂದಿನಿಂದ ಅಂಗಡಿ ಚೀಟಿ ಬಿಟ್ಟು ಬೇರೇನೂ ಬರೆದಿಲ್ಲ.

ಹೋದ ತಿಂಗಳು ಉತ್ಸವದ ಪ್ರದರ್ಶನಕ್ಕೆಂದು ಹಿಂದೆ ನಾವೇ ರಟ್ಟು ಕಟ್ಟಿದ್ದ ಪೇಟೆಯ ಹಳೇ ಹರಾಜು ಲೆಕ್ಕದ ಪುಸ್ತಕಗಳು ರಿಪೇರಿಗೆ ಬಂದವು. ಒಂದರ ರಟ್ಟನ್ನು ಬಿಸಿನೀರಿನಲ್ಲಿ ನೆನೆಹಾಕಿದೆ. ನಾಲ್ಕನೇ ಪದರ ಬಿಡಿಸಿದಾಗ ಅಕ್ಕನ ಓರೆ ಅಕ್ಷರ. ಪೆನ್ಸಿಲಾದ್ದರಿಂದ ನೀರಿಗೆ ಕರಗಿರಲಿಲ್ಲ, ಅಂಟಿಗೆ ಮೈಲುತುತ್ತ ಬೆರೆಸಿದ್ದರಿಂದ ಹುಳ ಮುಟ್ಟಿರಲಿಲ್ಲ. ಕೂಗಿಕೊಳ್ಳಲಿಲ್ಲ ನಾನು. ಹಾಳೆಗಳನ್ನು ಒಣಗಿಸಿ, ಹೊಲಿಗೆಗೆ ಸಿಗುವಂತೆ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ, ಕಾದೆ.

ಚಾವಡಿ ತುಂಬಿತ್ತು. ಅಕ್ಕನನ್ನು ಎಳೆದುಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂರಿಸಿದೆ. ಮೇಷ್ಟ್ರು ಪುಸ್ತಕದ ಚರ್ಮ ಸವರಿ, ಪುಟದ ಗುರುತಿಗೆ ನಾನಿಟ್ಟಿದ್ದ ಪಟ್ಟಿದಾರ ಇದ್ದಲ್ಲಿ ತೆರೆದರು. ಬಾಯಿ ತೆರೆದದ್ದು ತೆರೆದಂತೇ ಇತ್ತು. ಪುಟ ತಿರುವಿದರು. ಮತ್ತೆ ಪೆನ್ಸಿಲು.

ಪಕ್ಕದಲ್ಲಿ ಕೂತಿದ್ದ ನಿರೂಪಕಿ ಬಗ್ಗಿ ನೋಡಿದಳು. "ಅಯ್ಯೋ, ಕೈಬರಹ! ಇದು ನಿಮ್ಮ ಕರಡು ಪ್ರತಿನಾ ಸರ್?"

ಮುನ್ನೂರು ಕತ್ತುಗಳು ಉದ್ದವಾದವು. ಅಲ್ಲ ಎಂದರೆ ಯಾರದು ಎಂದು ಹೇಳಬೇಕು.

"ಹೌದು," ಎಂದರು ಮೇಷ್ಟ್ರು. "ನಂದೇ. ಬೈಂಡಿಂಗಿನೋರು ಎಲ್ಲೋ ಹುಡುಕಿ ಸೇರಿಸಿದಾರೆ."

ಚಪ್ಪಾಳೆ ಬಿತ್ತು. ಅದು ಪೂರ್ತಿ ಮುಗಿಯಲಿ ಎಂದು ಬಿಟ್ಟು, ಎದ್ದು ನಿಂತೆ.

"ಮೇಷ್ಟ್ರೇ, ಮೂರನೇ ಹಾಳೆ ಅಂಚಲ್ಲಿ ಏನೋ ಬರ್ಕೊಂಡಿದೀರಲ್ಲ, ಅದನ್ನೂ ಓದಿ."

"ಅದು... ಮಾಸಿಹೋಗಿದೆ. ಕನ್ನಡಕ ಬೇರೆ ಸರಿಯಿಲ್ಲ."

"ಕೊಡಿ ಸರ್, ನಾನು ಓದ್ತೀನಿ." ನಿರೂಪಕಿ ಉತ್ಸಾಹದಿಂದ ಮೈಕಿಗೆ ಬಾಯಿಟ್ಟಳು. "'ಇಷ್ಟನ್ನೂ ನಕಲು ಮಾಡಿ ಮೇಷ್ಟ್ರಿಗೆ ತೋರಿಸಬೇಕು. ಚಪ್ಪಲಿ ತೂಗೋದು ಓದಿ ನಗ್ತಾರೇನೋ.'"

ಓದಿ ಮುಗಿಸಿದ ಮೇಲಷ್ಟೇ ಅವಳಿಗೆ ಅದರ ಅರ್ಥ ಹೊಳೆಯಿತು.

"ಮೇಷ್ಟ್ರು ಮೇಷ್ಟ್ರಿಗೇ ತೋರಿಸ್ಕೊಳ್ತಿದ್ರಾ?" ಎಂದ ಹಿಂದಿನ ಸಾಲಿನವನೊಬ್ಬ. ನಗು ಶುರುವಾಯಿತು. ನಾನು ಅಕ್ಕನ ಕೈ ಹಿಡಿದು ಮೇಲೆತ್ತಿದೆ. "ಬರೆದೋಳು ಇವ್ಳು!" ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಶಾಲೆಯಲ್ಲಿ ನಮ್ಮ ಕಿವಿ ಹಿಂಡಿ ಕೆಂಪಗೆ ಮಾಡುತ್ತಿದ್ದವರ ಕಿವಿ ಈಗ ತಾನಾಗಿ ಕೆಂಪಗಾಗುತ್ತಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ.

ವೇದಿಕೆಯ ಹಿಂದಿನ ಕೋಣೆಗೆ ಅವರೇ ನಮ್ಮನ್ನು ಕರೆಸಿದರು. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ನೀರಿನ ಕ್ಯಾನು. ಬಾಗಿಲು ಹಾಕಿ, ಉತ್ಸವದ ಹಾಳೆಯಲ್ಲಿ ಅವಸರವಾಗಿ ಗೀಚಿದ್ದನ್ನು ಅಕ್ಕನ ಮುಂದೆ ಹಿಡಿದರು.

"ತಪ್ಪಾಯ್ತಮ್ಮ. ಆ ಭಾಗನ ಇಬ್ರೂ ಸೇರಿ ಬರೆದ್ವಿ ಅಂತ ಇದಕ್ಕೊಂದು ಸಹಿ ಹಾಕು. ಮುಂದಿನ ಮುದ್ರಣದಲ್ಲಿ ಮುಖಪುಟದ ಮೇಲೇ ನಿನ್ನ ಹೆಸರು ಹಾಕಿಸ್ತೀನಿ, ನನ್ನ ಪಕ್ಕದಲ್ಲೇ. ನಿಂಗೂ ಮರ್ಯಾದೆ, ನಂಗೂ."

ನನ್ನ ಮನಸ್ಸು ಒಂದು ಗಳಿಗೆ ಓಲಾಡಿತು. ಅಕ್ಕನ ಹೆಸರು, ಮುಖಪುಟದ ಮೇಲೆ. ಅಕ್ಕ ಹಾಳೆಯನ್ನು ಕೊನೆಯ ಅಕ್ಷರದವರೆಗೂ ಓದಿದಳು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಚಾಚಿದರು.

"ಅದನ್ನ ಬರೆದೋಳು ನಾನೊಬ್ಳೇ. ನಿಮ್ಮ ಹೆಸರು ತೆಗೀರಿ," ಎಂದಳು.

"ಅದು ಹೇಗಾಗುತ್ತಮ್ಮ? ಅಷ್ಟು ಹಟ ಮಾಡ್ಬಾರ್ದು. ಹಾಕು."

"ಹಾಕಲ್ಲ."