ರಫೂ ಮಾಡುವವನ ಉಗುರು

ಡ್ರೈಕ್ಲೀನಿಂಗ್ ಅಂಗಡಿಯ ಗಾಜಿನ ಕಿಟಕಿಯ ಪಕ್ಕ, ಬೆಳಕು ನೇರವಾಗಿ ಬೀಳುವ ಜಾಗದಲ್ಲಿ, ಅವನ ಕುರ್ಚಿ. ಹರಿದ, ಸುಟ್ಟ, ನುಸಿ ತಿಂದ ಬಟ್ಟೆಗಳನ್ನು ರಫೂ ಮಾಡುವುದು ಅವನ ಕೆಲಸ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದಿಷ್ಟು ಎಳೆಗಳನ್ನು ಬಿಡಿಸಿಕೊಂಡು, ತೂತಿನ ಮೇಲೆ ಹಾಸು ಹೊಕ್ಕು ಕೂಡಿಸಿ ನೇಯ್ದುಬಿಟ್ಟನೆಂದರೆ, ಬಟ್ಟೆ ತಂದವರೇ ತೂತು ಎಲ್ಲಿತ್ತೆಂದು ಹುಡುಕಬೇಕು. ಸೂಜಿ ಬಲಗೈಯಲ್ಲಿದ್ದರೂ ಅರ್ಧ ಕೆಲಸ ಎಡಗೈ ಹೆಬ್ಬೆರಳಿನ ಉಗುರಿನದು. ಎಳೆಯನ್ನು ಮೀಟಿ ಎತ್ತುವುದು, ತಳ್ಳಿ ಕೂರಿಸುವುದು, ಕೊನೆಗೆ ಸವರಿ ಮಟ್ಟ ಮಾಡುವುದು ಎಲ್ಲ ಅದೇ. ಇಸ್ತ್ರಿ ಮಾಡುವವನು ಅವನನ್ನು 'ಉಗುರಣ್ಣ' ಎಂದು ಕರೆಯುತ್ತಿದ್ದುದು ಅದಕ್ಕೇ.

ಹೆಂಡತಿ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂರುವವಳು. ಒಂದು ರಜಾದಿನ ಪರದೆ ಬಿಚ್ಚಲೆಂದು ಸ್ಟೂಲು ಹತ್ತಿದವಳು ಜಾರಿ ಬಿದ್ದು ಕಾಲು ಮುರಿದುಕೊಂಡಳು. ತೊಡೆಯವರೆಗೆ ಪ್ಲಾಸ್ಟರ್ ಬಿತ್ತು. ಮನೆಯಲ್ಲಿ ಇದ್ದವರು ಇಬ್ಬರೇ. ಅತ್ತೆ, ಅಂದರೆ ಹೆಂಡತಿಯ ತಾಯಿ, ಊರಿನ ಆಚೆ ತುದಿಯಲ್ಲಿ ತಮ್ಮ ತಂಗಿಯ ಜೊತೆ ಇದ್ದರು. ಸುದ್ದಿ ಕೇಳಿದ್ದೇ ತಡ, ತಾನು ಬಂದು ಇರುತ್ತೇನೆ ಎಂದು ಮಗಳಿಗೆ ಫೋನು ಮಾಡಿದರು. ಅವನು ಬೇಡವೆಂದ. ಅವರಿಗೇಕೆ ತೊಂದರೆ, ನಾನಿಲ್ಲವೇ ಎಂದ.

ತೊಂದರೆ ಎನ್ನುವುದು ನೆಪ. ನಿಜ ಹೇಳಬೇಕೆಂದರೆ ಅತ್ತೆಯ ಎದುರು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಜಗಳ, ಮನಸ್ತಾಪ ಏನೂ ಇರಲಿಲ್ಲ. ಆಕೆ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಜೀವಮಾನವಿಡೀ ಊರಿನವರ ಮಾತನ್ನೆಲ್ಲ ಜೋಡಿಸಿ ಕೊಟ್ಟು ಕೊಟ್ಟು ಅವರ ಪಾಲಿನ ಮಾತೇ ಮುಗಿದುಹೋಗಿದೆ ಎಂದು ಹೆಂಡತಿ ನಗುತ್ತಿದ್ದಳು. ಇವನೋ ಮೊದಲೇ ಮೌನಿ. ಮದುವೆಯಾದಾಗಿನಿಂದ ಇಬ್ಬರ ನಡುವಿನ ಮಾತುಕತೆ 'ಬಂದ್ರಾ', 'ಹೊರಟ್ರಾ' ದಾಟಿ ಮುಂದೆ ಹೋಗಿರಲಿಲ್ಲ. ಅಂಥವರ ಜೊತೆ ಒಂದೇ ಸೂರಿನಡಿ ತಿಂಗಳುಗಟ್ಟಲೆ ಹೇಗಿರುವುದು?

ಹಾಗಾಗಿ ಟೊಂಕ ಕಟ್ಟಿ ನಿಂತ. ಬೆಳಗ್ಗೆ ಪಾತ್ರೆ, ಬಟ್ಟೆ, ನೆಲ; ಅಂಗಡಿಯಿಂದ ಬಂದ ಮೇಲೆ ಮತ್ತೆ ಪಾತ್ರೆ, ಅಡುಗೆ. ರಫೂ ಮಾಡುವವನು ಯಾವುದನ್ನೂ ಅರೆಬರೆ ಮಾಡಲಾರ. ಬಚ್ಚಲನ್ನೂ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ. ಕೈ ನೀರಿನಿಂದ ಹೊರಬಂದು ಒಣಗುವಷ್ಟರಲ್ಲಿ ಮತ್ತೆ ನೀರಿನೊಳಗೆ.

ಮೊದಲು ಹತ್ತೂ ಉಗುರಿನ ತುದಿ ಬಿಳಿಚಿಕೊಂಡಿತು. ಆಮೇಲೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡತೊಡಗಿತು. ಅವನು ಅಂಟಿಕೊಂಡ ಸಿಪ್ಪೆ ಕೀಳುವಂತೆ ಕೀಳುತ್ತ ಹೋದ. ಉಗುರು ಇನ್ನಷ್ಟು ತೆಳ್ಳಗಾಯಿತು. ಬಟ್ಟೆಗೆ ತಾಕಿದರೆ ಬಾಗುತ್ತಿತ್ತು, ಎಳೆಗೆ ಸಿಕ್ಕಿದರೆ ಸೀಳುತ್ತಿತ್ತು. ಇಸ್ತ್ರಿಯವನು ತನ್ನ ತಂಗಿಯ ಬಣ್ಣವಿಲ್ಲದ ನೇಲ್ ಪಾಲಿಶ್ ತಂದುಕೊಟ್ಟು, ಇದನ್ನು ಹಚ್ಚಿದರೆ ಉಗುರು ಕಲ್ಲಾಗುತ್ತದೆ ಎಂದ. ಹಚ್ಚಿದ. ಅದು ಎದ್ದು ಬಂದಾಗ ರಿಮೂವರ್ ಹಾಕಿ ಒರೆಸಿ ಮತ್ತೆ ಹಚ್ಚಿದ. ಉಗುರು ಸುಣ್ಣದ ಚೂರಿನಂತೆ ಒಣಗಿಹೋಯಿತು. ಹೊಸ ಮದುಮಗಳ ಕೈ ಎಂದು ಅಂಗಡಿಯವರೆಲ್ಲ ನಕ್ಕಿದ್ದು ಬೇರೆ.

ಆ ವಾರವೇ ನೃತ್ಯ ಕಲಿಸುವ ಒಬ್ಬಾಕೆ ತೆಳು ರೇಷ್ಮೆಯ ಶಾಲು ತಂದುಕೊಟ್ಟರು. ಮೊಳೆಗೆ ಸಿಕ್ಕಿ ಸಣ್ಣ ತೂತಾಗಿತ್ತು. ಅವನಿಗೆ ಅದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ತೂತು ಮುಚ್ಚಿ, ಕೊನೆಯದಾಗಿ ಹೆಬ್ಬೆರಳಿನಿಂದ ಸವರಿದ. ಉಗುರಿನ ಎದ್ದ ಪದರಕ್ಕೆ ಒಂದು ಎಳೆ ಸಿಕ್ಕಿಕೊಂಡಿತು. ಅವನು ಬೆಚ್ಚಿ ಕೈ ಎಳೆದುಕೊಂಡ. ಶಾಲಿನ ಉದ್ದಕ್ಕೂ ಗೆರೆ ಬಿದ್ದು ಬಟ್ಟೆ ಮುದುರಿಕೊಂಡಿತು.

ಸೂಜಿಯ ಹಿಂಬದಿಯಿಂದ ಎಳೆಯನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸುತ್ತ ಅಂಗಡಿ ಮುಚ್ಚುವವರೆಗೂ ಕೂತ. ಗೆರೆ ಹೆಚ್ಚೂಕಡಿಮೆ ಹೋಯಿತು. ಆದರೆ ಮಾಲೀಕರು ನೋಡಿದ್ದರು. ಹತ್ತಿರ ಬಂದು ಅವನ ಎಡಗೈಯನ್ನು ಬೆಳಕಿಗೆ ಹಿಡಿದರು. ಬೈಯಲಿಲ್ಲ. ಉಗುರು ಸರಿಹೋಗುವ ತನಕ ಗುಂಡಿ, ಜಿಪ್ಪು, ಅಂಚು ಇಂಥವು ಸಾಕು, ಕುರ್ಚಿ ಎಲ್ಲಿಗೂ ಹೋಗುವುದಿಲ್ಲ ಎಂದರು. ನೃತ್ಯದಾಕೆಗೆ ನಡೆದದ್ದನ್ನೂ ತಾವೇ ಹೇಳಿದರು. ಅಷ್ಟು ಒಳ್ಳೆಯತನದಿಂದ ಆಡಿದ ಮಾತನ್ನೂ ಅವನಿಂದ ತಾಳಲಾಗಲಿಲ್ಲ; ಸಣ್ಣ ಸೂಜಿಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿದ. ಮನೆಗೆ ಬಂದು ಸೊಲ್ಲೆತ್ತಲಿಲ್ಲ. ಮಲಗಿದಲ್ಲೇ ಬೇಸತ್ತ ಹೆಂಡತಿಯ ತಲೆಗೆ ಇದನ್ನೂ ಏಕೆ ಕಟ್ಟಬೇಕು?

ಭಾನುವಾರ ಅತ್ತೆ ಮಗಳನ್ನು ನೋಡಲು ಬಂದರು. 'ಬಂದ್ರಾ' ಎಂದು ಹೇಳಿ ಅವನು ಅಡುಗೆಮನೆ ಸೇರಿಕೊಂಡ. ನೀರು ತಾಕದಿರಲೆಂದು ಹತ್ತೂ ಬೆರಳಿಗೆ ಅಂಟುಪಟ್ಟಿ ಸುತ್ತಿಕೊಂಡು ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ನೀರಿಗೆಂದು ಒಳಗೆ ಬಂದರು. ಲೋಟ ಕೈಯಲ್ಲೇ ಹಿಡಿದು ಅವನ ಬೆರಳುಗಳನ್ನೇ ನೋಡಿದರು. ನೀರನ್ನೂ ಕುಡಿಯದೆ ಹೊರಗೆ ಹೋದರು. ಸಂಜೆ 'ಹೊರಟ್ರಾ' ಎನ್ನುವುದಕ್ಕೆ ಅವನು ಸಿದ್ಧನಾಗುವಷ್ಟರಲ್ಲಿ ಹೊರಟೇಹೋಗಿದ್ದರು.

ಮರುದಿನ ಬೆಳಕು ಹರಿಯುತ್ತಲೇ ಬಾಗಿಲು ಬಡಿದ ಸದ್ದು. ಅತ್ತೆ ಬಟ್ಟೆಬರೆ ತುಂಬಿದ ಚೀಲ ಹಿಡಿದು ನಿಂತಿದ್ದರು. ನೆಟ್ಟಗೆ ಅಡುಗೆಮನೆಗೆ ನಡೆದು, ಅವನ ಕೈಯಲ್ಲಿದ್ದ ಪಾತ್ರೆ ತಿಕ್ಕುವ ನಾರನ್ನು ತೆಗೆದುಕೊಂಡರು.

"ಅತ್ತೆ, ಬಿಡಿ, ನಾನು ಮಾಡ್ತೀನಿ" ಎಂದ.

"ಏನು ಮಾಡ್ತೀರಿ? ಇರೋ ಹತ್ತು ಉಗುರನ್ನೂ ತೊಳೆದು ಚೊಕ್ಕ ಮಾಡ್ತೀರಾ?" ಎಂದರು ಅತ್ತೆ. ಅವನ ಕಡೆ ತಿರುಗದೆಯೇ ಮುಂದುವರಿಸಿದರು. "ನನ್ನ ಮಗಳ ಕಾಲು ಮುರೀತು, ಎಲ್ಲರಿಗೂ ಕಾಣ್ಸುತ್ತೆ, ಎಲ್ಲರೂ ಹಣ್ಣು ತರ್ತಾರೆ. ನಿಮ್ಮ ಕೈ ಹೀಗಾಗಿದೆ, ಯಾರಿಗಾದ್ರೂ ಹೇಳಿದ್ರಾ? ನಾನು ಇದ್ದೀನಲ್ಲ ಅಳಿಯಂದ್ರೇ. ನಾನು ಇರೋದು ಮತ್ತೆ ಯಾಕೆ?"

ಇಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ಅವನು ಕೇಳಿರಲೇ ಇಲ್ಲ. ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಒಳಗಿನ ಕೋಣೆಯಿಂದ ಹೆಂಡತಿ ಏನಾಯಿತು ಎಂದು ಕೂಗಿದಳು. ಆವತ್ತು ಶಾಲಿನ ಕಥೆಯೆಲ್ಲ ಹೊರಗೆ ಬಂತು. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಇಷ್ಟು ದಿನ ಪಕ್ಕದಲ್ಲೇ ಇದ್ದೂ ಕಾಣಲಿಲ್ಲವಲ್ಲ ಎಂದು ಅತ್ತಳು.

ಚರ್ಮದ ಡಾಕ್ಟರ ಬಳಿಗೂ ಅತ್ತೆಯೇ ಕರೆದುಕೊಂಡು ಹೋದರು. ಕನ್ನಡಕವನ್ನು ಹಣೆಗೇರಿಸಿಕೊಂಡ ಯುವತಿ ಡಾಕ್ಟರು ಉಗುರುಗಳನ್ನು ಭೂತಗನ್ನಡಿಯಲ್ಲಿ ನೋಡಿದಳು, ರಕ್ತ ಪರೀಕ್ಷೆಯನ್ನೂ ಮಾಡಿಸಿದಳು. ರೋಗವೇನೂ ಇಲ್ಲ ಎಂದಳು. ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪದರ ಬಿಡದೆ ಏನು ಮಾಡೀತು? ಮೇಲಿಂದ ಬ್ಲೀಚಿಂಗ್ ಪುಡಿ, ರಿಮೂವರ್. ನೀರಿಗೆ ಕೈ ಹಾಕುವಾಗ ಒಳಗೆ ಹತ್ತಿಯದು, ಮೇಲೆ ರಬ್ಬರಿನದು ಎರಡು ಕೈಗವಸು ಹಾಕಬೇಕು. ಕೈ ಒದ್ದೆಯಾದಾಗಲೆಲ್ಲ ಒರೆಸಿ ವ್ಯಾಸಲೀನ್ ಸವರಬೇಕು. ಉಗುರನ್ನು ಗಿಡ್ಡವಾಗಿ ಇಟ್ಟುಕೊಂಡು, ಒಂದೇ ದಿಕ್ಕಿಗೆ ನಯವಾಗಿ ಉಜ್ಜಬೇಕು. ಎದ್ದ ಪದರವನ್ನು ಮಾತ್ರ ಕೀಳಲೇಬಾರದು.

"ಬೇಗ ಗಟ್ಟಿಯಾಗೋಕೆ ಔಷಧಿ ಇಲ್ವಾ?" ಎಂದು ಅವನು ಕೇಳಿದ.

"ಹಾಳಾಗಿರೋ ಉಗುರು ಇನ್ನು ಗಟ್ಟಿಯಾಗಲ್ಲ. ಬುಡದಿಂದ ಹೊಸದು ಬೆಳೆದು ಬರಬೇಕು. ಕೆಲವು ತಿಂಗಳು ಬೇಕು. ಕಾಯ್ತೀರಾ?"

"ಕಾಯ್ತಾರೆ" ಎಂದರು ಅತ್ತೆ.

ಕಾದರು, ಅತ್ತೆಯೇ ಮುಂದೆ ನಿಂತು ಕಾದರು. ನಲ್ಲಿಯ ಹತ್ತಿರ ಅವನ ನೆರಳು ಬಿದ್ದರೂ ಗದರುತ್ತಿದ್ದರು. ಸಂಜೆ ಅವನು ಮನೆಗೆ ಬಂದೊಡನೆ ವ್ಯಾಸಲೀನ್ ಡಬ್ಬಿ ಟೀ ಲೋಟದ ಪಕ್ಕದಲ್ಲೇ ಇರುತ್ತಿತ್ತು. ಎಡಗೈಯಿಂದ ಬಲಗೈ ಉಗುರು ಉಜ್ಜಿಕೊಳ್ಳಲು ಅವನು ಒದ್ದಾಡುವುದನ್ನು ನೋಡಲಾರದೆ ಒಂದು ದಿನ ಕೈ ಕೊಡಿ ಎಂದರು. ಅವನು ನಾಚಿಕೆಯಿಂದ ಮುದುಡಿಹೋದ. ಹೆಂಡತಿ ದಿಂಬಿಗೆ ಮುಖ ಒತ್ತಿ ನಕ್ಕಳು. ಅತ್ತೆ ಮಾತ್ರ ಟೆಲಿಫೋನಿನ ತಂತಿ ಜೋಡಿಸುತ್ತಿದ್ದ ಕಾಲದ ಗಂಭೀರತೆಯಲ್ಲೇ ಒಂದೊಂದು ಉಗುರನ್ನೂ ಉಜ್ಜಿದರು. ಉಜ್ಜುತ್ತಲೇ, ಒಮ್ಮೆ ತಪ್ಪಾಗಿ ಒಬ್ಬ ಹಲ್ಲಿನ ಡಾಕ್ಟರಿಗೂ ಒಬ್ಬ ಬಡಗಿಗೂ ಲೈನು ಕೊಟ್ಟುಬಿಟ್ಟದ್ದನ್ನು, ಒಬ್ಬರು ಹಲ್ಲೆಂದೂ ಇನ್ನೊಬ್ಬರು ಮೊಳೆಯೆಂದೂ ತಿಳಿದು ಕೀಳುವ ವಿಷಯವನ್ನೇ ಅವರಿಬ್ಬರೂ ಬಹಳ ಹೊತ್ತು ಮಾತಾಡಿಕೊಂಡದ್ದನ್ನು ಹೇಳಿದರು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಾತಿಗೆ ಅದೇ ದಾರಿಯಾಯಿತು.

ಹೊಸ ಉಗುರು ಬುಡದಲ್ಲಿ ನಸುಗೆಂಪಾಗಿ, ನುಣ್ಣಗೆ ಹೊರಟಿತು. ಹಳೆಯದು ತುದಿಗೆ ಸರಿಯುತ್ತ ಸರಿಯುತ್ತ ಹೋಯಿತು. ಹೆಂಡತಿ ಪ್ಲಾಸ್ಟರ್ ಬಿಚ್ಚಿಸಿಕೊಂಡು, ಊರುಗೋಲಿನಲ್ಲಿ ನಡೆದು, ಆಮೇಲೆ ಅದನ್ನೂ ಬಿಟ್ಟು ಕೆಲಸಕ್ಕೆ ಹೋದಳು. ಒಂದು ಬೆಳಗ್ಗೆ ಮಾಲೀಕರು ಅವನ ಹೆಬ್ಬೆರಳನ್ನು ನೋಡಿ, ಒಂದು ತೆಳು ಉಣ್ಣೆಯ ಕೋಟನ್ನು ತಂದು ಮಡಿಲಲ್ಲಿಟ್ಟರು. ಅವನು ಎಳೆ ಮೀಟಿದ. ಅದು ಹೇಳಿದಂತೆ ಕೇಳಿ ಎದ್ದು ಬಂತು. ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಈ ಉಗುರು ತನ್ನೊಬ್ಬನದಲ್ಲ ಎನ್ನಿಸಿತು.

ಅತ್ತೆ ಹೊರಟ ದಿನ ಚೀಲ ಹಿಡಿದು ಬಸ್ಸಿನವರೆಗೆ ಹೋದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಬಸ್ಸು ಬಂದಾಗ ಬಾಯಿಂದ ಹೊರಟದ್ದು ಇಷ್ಟೇ:

"ಅತ್ತೆ, ನೀವು ಬರದೇ ಇದ್ದಿದ್ರೆ ನಾನು ಇನ್ನೂ ಗುಂಡಿ ಹಾಕ್ತಾ ಇರ್ತಿದ್ದೆ."

"ಗುಂಡಿನೂ ಯಾರಾದ್ರೂ ಹಾಕ್ಬೇಕಲ್ಲ" ಎಂದರು ಅತ್ತೆ. ಮೆಟ್ಟಿಲು ಹತ್ತಿ ತಿರುಗಿ ನೋಡಿದರು. "ನೀವು ನನ್ನ ಮಗಳನ್ನ ನೋಡ್ಕೊಂಡ ರೀತಿ ನಾನು ಮರೆಯಲ್ಲ. ಅದನ್ನ ಹೇಳೋಕೆ ನನಗೂ ಬರ್ತಿರಲಿಲ್ಲ."

ಮುಂದಿನ ಭಾನುವಾರ ಅವನು ಎರಡು ಬಸ್ಸು ಬದಲಿಸಿ ಅತ್ತೆಯ ಮನೆಗೆ ಹೋದ. ಚಾದರ, ಪರದೆ, ಕಂಬಳಿ, ಆ ವಯಸ್ಸಿನ ಅಕ್ಕತಂಗಿಯರಿಗೆ ಎತ್ತಿ ಹಿಂಡಲಾಗದ ಭಾರದ ಬಟ್ಟೆಗಳನ್ನೆಲ್ಲ ಹುಡುಕಿ ಬಚ್ಚಲಲ್ಲಿ ಗುಡ್ಡೆ ಹಾಕಿದ. ಬೇಡ ಎಂದು ಅತ್ತೆ ಹೇಳಿದರು. ಅವನು ಕೇಳಿಸದವನಂತೆ ಕೈಗವಸು ಏರಿಸಿಕೊಂಡು ಬಕೆಟ್ಟಿಗೆ ನೀರು ಬಿಟ್ಟ.