ಕತ್ತರಿ ಕೆಳಗಿಟ್ಟ ಹುಮಾ ಮೇಡಂ

ಹುಮಾ ಮೇಡಂ ಮಾತಿಗೆ ತೊಡಗಿದರೆ ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಒಂದನ್ನೊಂದು ಕೂಡಿ, ಗಾಳಿಯಲ್ಲಿ ತೇಲುತ್ತಿರುವ ಯಾವುದೋ ಕೂದಲೆಳೆಯಂಥ ನರವನ್ನು ಹರಿಯದಂತೆ ಎತ್ತಿ ಹಿಡಿದ ಭಂಗಿಗೆ ಬಂದು ನಿಲ್ಲುತ್ತವೆ. ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವಾಗಲೂ ಅದೇ ಭಂಗಿ, ಬಸ್ಸಿನ ಕಂಡಕ್ಟರನಿಗೆ ಇಳಿಯುವ ಜಾಗ ಹೇಳುವಾಗಲೂ ಅದೇ. ಕಪ್ಪೆ ಕೊಯ್ಯುವುದನ್ನು ಬಿಟ್ಟು ಎಷ್ಟೋ ಮಳೆಗಾಲ ಕಳೆದರೂ ಆ ಬೆರಳುಗಳು ಮಾತ್ರ ಕಲಿತದ್ದನ್ನು ಬಿಟ್ಟಿಲ್ಲ.

ಮೂಡಿಗೆರೆಯ ಖಾಸಗಿ ಕಾಲೇಜೊಂದರಲ್ಲಿ ಅವರು ಪ್ರಾಣಿಶಾಸ್ತ್ರದ ಅಧ್ಯಾಪಕಿ. ಮನೆ ಬಣಕಲ್ಲಿನಲ್ಲಿ, ಹೆದ್ದಾರಿ ಬದಿಯ ಜೀಪ್ ಗ್ಯಾರೇಜಿನ ಮೇಲಣ ಎರಡು ಕೋಣೆ. ಗ್ಯಾರೇಜು ಅಪ್ಪ ನಜೀರ್ ಸಾಹೇಬರದು. ಅವರ ನಂತರ ಚಿಕ್ಕಪ್ಪನ ಮಗ ಸಫ್ದರ್ ನೋಡಿಕೊಳ್ಳುತ್ತಾನೆ. ಅಪ್ಪನ ಬೂದು ಸ್ವೆಟರನ್ನು, ತೋಳಿನ ಮೇಲಿನ ಆಯಿಲ್ ಕಲೆ ಸಮೇತ, ಮೇಡಂ ಜೂನ್‌ನಿಂದ ಜನವರಿಯವರೆಗೂ ಕಳಚುವುದಿಲ್ಲ. ಯಾರೇ ಅವಸರಪಟ್ಟರೂ "ನಿಧಾನ, ನಿಧಾನ" ಅನ್ನುವುದು ಅವರ ಬಾಯಿಚಟ. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರೂ ಅದೇ.

ಒಂದು ಕಾಲಕ್ಕೆ ಆ ಕೈಗೆ ಸಮನಾದ ಕೈ ಜಿಲ್ಲೆಯಲ್ಲಿರಲಿಲ್ಲ ಎನ್ನುತ್ತಾರೆ. ಕಪ್ಪೆಯ ತಲೆಬುರುಡೆಯನ್ನು ಚೂರುಚೂರಾಗಿ ಬಿಡಿಸಿ, ಮಿದುಳಿಂದ ಹೊರಟ ನರಗಳನ್ನು ಒಂದೂ ತುಂಡಾಗದಂತೆ ಕರಿ ಕಾಗದದ ಮೇಲೆ ಹರಡಿ ತೋರಿಸುವುದು ಅವರಿಗೆ ಅದೇ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗಲೇ ಸಿದ್ಧಿಸಿತ್ತು. ಅದನ್ನು ಮೊದಲು ಗುರುತಿಸಿದವರು ವಿಭಾಗದ ಮುಖ್ಯಸ್ಥರಾಗಿದ್ದ ಶಾಂತವೀರಪ್ಪನವರು. ಇಸ್ತ್ರಿ ಹಾಕಿದ ಬಿಳಿ ಕೋಟಿನಲ್ಲಿ ಅವರೇ ಬಣಕಲ್ಲಿನ ಗ್ಯಾರೇಜಿಗೆ ಬಂದು, ಜೀಪಿನಡಿ ಮಲಗಿದ್ದ ನಜೀರ್ ಸಾಹೇಬರನ್ನು ಎಬ್ಬಿಸಿ, "ನಿನ್ನ ಮಗಳ ಕೈ ದೇವರು ಕೊಟ್ಟಿದ್ದು ಮಾರಾಯ. ಎಂ.ಎಸ್ಸಿ. ಓದ್ಸು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಿದ್ದರು. ನುಡಿದಂತೆ ನಡೆದರು. ಓದಿಸಿದರು, ತಮ್ಮದೇ ವಿಭಾಗದಲ್ಲಿ ಕೆಲಸ ಕೊಡಿಸಿದರು, ತಮ್ಮ ಮೇಜಿನ ಪಕ್ಕದಲ್ಲೇ ಶಿಷ್ಯೆಗೊಂದು ಮೇಜು ಹಾಕಿಸಿದರು. ಅಪ್ಪ ಮಾತ್ರ ಮಗಳ ವಿದ್ಯೆಯನ್ನು ಒಂದು ದಿನ ಕಣ್ಣಾರೆ ಕಂಡು, "ನಾವು ಬಿಚ್ಚಿದ್ದನ್ನ ತಿರುಗಿ ಜೋಡಿಸ್ತೀವಿ. ಇದನ್ನ ಹೆಂಗೆ ಜೋಡಿಸ್ತೀಯ ಬೇಟಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದರು.

ಆ ಪ್ರಶ್ನೆ ಎಷ್ಟೋ ವರ್ಷ ಸುಮ್ಮನಿತ್ತು. ಒಂದು ಆಷಾಢದ ಪ್ರಾಯೋಗಿಕ ತರಗತಿಯಲ್ಲಿ ಎದ್ದು ಕೂತಿತು. ಮೇಣದ ತಟ್ಟೆಗಳಲ್ಲಿ ಕಪ್ಪೆಗಳನ್ನು ಅಂಗಾತ ಮಲಗಿಸಿ ಕೈಕಾಲಿಗೆ ಗುಂಡುಸೂಜಿ ಚುಚ್ಚಿಯಾಗಿತ್ತು. ಹುಡುಗರು ತಮ್ಮ ತಮ್ಮ ತಟ್ಟೆಯ ಮುಂದೆ ನಗುತ್ತ, ಯಾವುದಕ್ಕೆ ಎಷ್ಟು ಅಂಕವೆಂದು ವಿಚಾರಿಸುತ್ತ ನಿಂತಿದ್ದರು. ಸೌಂದರ್ಯ ಎಂಬೊಬ್ಬ ಹುಡುಗಿ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು, ತನ್ನ ಕಪ್ಪೆಯ ಹೊಟ್ಟೆ ತೆರೆದವಳು ಕತ್ತರಿ ಹಿಡಿದು ಹಾಗೆಯೇ ನಿಂತಳು.

"ಮೇಡಂ, ಇದು ಇನ್ನೂ ನೋಡ್ತಾ ಇದೆ."

"ಅದು ಬರೀ ರಿಫ್ಲೆಕ್ಸು. ಮುಂದುವರ್ಸು" ಎಂದು ಮೇಡಂ ಅಭ್ಯಾಸಬಲದಿಂದ ಅಂದುಬಿಟ್ಟರು.

"ಅಲ್ಲ ಮೇಡಂ. ನಂಗೆ ಆಗಲ್ಲ. ನೀವೇ ನೋಡಿ ಬೇಕಾದ್ರೆ."

ನೋಡಿದರು. ಅರಿವು ಹೋಗಲೆಂದು ಮೊದಲೇ ಮಿದುಳಿಗೂ ಬೆನ್ನುಹುರಿಗೂ ಹಾಯಿಸಬೇಕಿದ್ದ ಸೂಜಿ ಗುರಿ ತಪ್ಪಿತ್ತು. ತೆರೆದ ಹೊಟ್ಟೆಯ ತುಂಬ ಕರಿಯ ಮೊಟ್ಟೆಗಳು, ಅವುಗಳ ಮೇಲೆ ಬಡಿಯುತ್ತಿದ್ದ ಹೃದಯ, ಅದಕ್ಕೂ ಮೇಲೆ ಎರಡು ಕಣ್ಣು. ಮೇಡಂ ಬಾಗಿ, ತಮ್ಮ ನುರಿತ ಕೈಯಿಂದಲೇ ಅದರ ನೋವನ್ನು ಮುಗಿಸಿದರು. ಸುತ್ತ ನೋಡಿದರೆ ಯಾರ ಮುಖದಲ್ಲೂ ಭಯವಿರಲಿಲ್ಲ, ಒಬ್ಬ ಹುಡುಗ ಮೆಲ್ಲಗೆ, "ಮೇಡಂ, ಇವಳಿಗೆ ಬೇರೆ ಕಪ್ಪೆ ಸಿಗುತ್ತಾ?" ಎಂದು ಕೇಳಿದ. ತಾನು ಇಷ್ಟು ವರ್ಷ ಕಲಿಸಿದ್ದು ನರಮಂಡಲವನ್ನೋ ಈ ನಿರ್ಲಿಪ್ತತೆಯನ್ನೋ ಎಂಬ ಸಂಶಯ ಅವರನ್ನು ಆ ಕ್ಷಣದಲ್ಲಿ ಹೊಕ್ಕಿತು, ಮತ್ತೆ ಹೊರಬರಲಿಲ್ಲ.

ಆ ಶನಿವಾರ ಮಧ್ಯಾಹ್ನ, ಕಾಲೇಜು ಖಾಲಿಯಾದ ಮೇಲೆ, ಸಿಮೆಂಟ್ ತೊಟ್ಟಿಯಲ್ಲಿ ಉಳಿದಿದ್ದ ಕಪ್ಪೆಗಳನ್ನೆಲ್ಲ ಬಕೆಟ್ಟಿಗೆ ತುಂಬಿ, ಒದ್ದೆ ಗೋಣಿ ಮುಚ್ಚಿಕೊಂಡು, ಹಿಂದಿನ ಕಾಫಿ ತೋಟದ ಕೆಳಗಿನ ಜೌಗಿಗೆ ಹೋದರು. ಬಿಟ್ಟ ಕಪ್ಪೆಗಳು ತಕ್ಷಣ ಜಿಗಿಯಲಿಲ್ಲ. ನಂಬಿಕೆ ಬಾರದವರಂತೆ ಹುಲ್ಲಿನಲ್ಲಿ ಸುಮ್ಮನೆ ಕೂತವು. ಜಿನುಗುವ ಮಳೆಯಲ್ಲಿ ಮೇಡಮ್ಮೂ ಕೂತರು, ಕೊನೆಯದು ಕಣ್ಮರೆಯಾಗುವವರೆಗೆ.

ಸೋಮವಾರ ಶಾಂತವೀರಪ್ಪನವರು ಖಾಲಿ ತೊಟ್ಟಿಯ ಮುಂದೆ ನಿಂತು ಮೇಡಮ್ಮನ್ನು ಕರೆಸಿದರು. ಅವರು ಕೂಗಾಡುವವರಲ್ಲ.

"ಕೈಗೆ ಹಸಿ ತಾಗದೆ ಜೀವ ಅಂದ್ರೇನು ಅಂತ ಗೊತ್ತಾಗಲ್ಲ ಹುಮಾ. ನಿನಗೂ ಹಾಗೇ ಗೊತ್ತಾಗಿದ್ದು."

"ಹೌದು ಸರ್. ಗೊತ್ತಾಗಿದ್ದಕ್ಕೇ ಬಿಟ್ಟೆ."

"ನಾಳೆ ಇವರಲ್ಲೇ ಒಬ್ಬ ಡಾಕ್ಟ್ರಾಗ್ತಾನೆ."

"ಆಗ್ಲಿ ಸರ್. ಆಗೋನು ಅಲ್ಲಿ ಕಲೀಲಿ. ಆಗದೇ ಇರೋ ಮಿಕ್ಕವರ ಕೈಲಿ ಯಾಕೆ ಕೊಲ್ಸೋಣ?"

ಅವರು ಕೋಟಿನ ಗುಂಡಿ ಹಾಕಿಕೊಂಡು ಹೊರಟರು. ಪ್ರಯೋಗಾಲಯ ಮೇಡಂ ಕೈತಪ್ಪಿತು. ಪಾಠ ಮಾತ್ರ ಉಳಿಯಿತು. ಮೇಜು ಗೋಡೆಯ ಕಡೆಗೆ ಸರಿಯಿತು. ನಿವೃತ್ತಿಯವರೆಗೂ ಶಾಂತವೀರಪ್ಪನವರು ಅವರೊಡನೆ ಒಂದು ಮಾತನ್ನೂ ಆಡಲಿಲ್ಲ. ಬೇರೆಯವರು ಆಡಿದರು. ಕಿರಿಯ ಸಹೋದ್ಯೋಗಿ ಅಶ್ವಿನ್, ಎಲ್ಲರೆದುರು, "ಮಟನ್ ಬಿರಿಯಾನಿಗಿಲ್ಲದ ಕರುಣೆ ಕಪ್ಪೆಗೆ ಯಾಕೆ ಮೇಡಂ?" ಎಂದು ನಕ್ಕಿದ್ದ.

"ನಮ್ಮಪ್ಪ ಹಬ್ಬಕ್ಕೆ ಕುರಿ ಕೊಯ್ಯೋ ಮುಂಚೆ ದೇವರ ಹೆಸರು ಹೇಳ್ತಾರೆ" ಎಂದರು ಮೇಡಂ. "ಲ್ಯಾಬಲ್ಲಿ ಯಾರ ಹೆಸರು ಹೇಳ್ಲಿ, ನೀವೇ ಹೇಳಿ?"

ನಗು ನಿಂತಿತು. ಅಂದಿನಿಂದ ಸ್ಟಾಫ್ ರೂಮಿನಲ್ಲಿ ಅವರು ಬಂದಾಗ ಮಾತೂ ನಿಲ್ಲತೊಡಗಿತು. ಊಟದ ಡಬ್ಬಿಯನ್ನು ಮ್ಯೂಸಿಯಂ ಕೋಣೆಗೆ ಒಯ್ದು, ಫಾರ್ಮಲಿನ್ ಜಾಡಿಗಳ ನಡುವೆ ಒಬ್ಬರೇ ಉಣ್ಣುವುದು ರೂಢಿಯಾಯಿತು.

ಕೆಲವು ವರ್ಷಗಳ ಮೇಲೆ ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯಿಸಬಾರದೆಂಬ ಸುತ್ತೋಲೆ ಮೇಲಿನಿಂದಲೇ ಬಂತು. ಎಲ್ಲರೂ ಅದನ್ನು ಸಲೀಸಾಗಿ ಒಪ್ಪಿದರು. ಕಂಪ್ಯೂಟರುಗಳು ಬಂದವು. "ನಿಮ್ದೇ ಗೆದ್ದಿತಲ್ಲ ಮೇಡಂ" ಎಂದ ಅಶ್ವಿನ್, ಮರುಕ್ಷಣವೇ ಮೊಬೈಲಿಗೆ ತಿರುಗಿದ. ಮೇಡಂ ಆ ಭಾನುವಾರ ಬಸ್ಸು ಹತ್ತಿ ಚಿಕ್ಕಮಗಳೂರಿಗೆ, ನಿವೃತ್ತಿಯ ನಂತರ ತಮ್ಮನ ಮನೆ ಸೇರಿದ್ದ ಶಾಂತವೀರಪ್ಪನವರಲ್ಲಿಗೆ ಹೋದರು. ಮುಪ್ಪಾಗಿದ್ದ ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಹಳೆಯ ಮೌನವನ್ನು ಅವರೇ ಮುರಿದರು.

"ಈಗ ಹೆಂಗೆ ಕೊಯ್ತಾರೆ ಮಕ್ಕಳು?"

"ಪರದೆ ಮೇಲೆ ಸರ್. ತಪ್ಪಾದ್ರೆ ಒಂದು ಗುಂಡಿ ಒತ್ತಿದ್ರೆ ಮೊದಲಿಂದ ಶುರು."

"ಕಪ್ಪೆ ಮತ್ತೆ ಬದುಕುತ್ತೆ?"

"ಹ್ಞೂ ಸರ್."

ಅವರು ಲೋಟವನ್ನು ಕೆಳಗಿಟ್ಟರು. "ಹಂಗಾದ್ರೆ ನೀನೂ ಗೆಲ್ಲಲಿಲ್ಲ ಬಿಡು" ಎಂದರು.

ಅದು ಚುಚ್ಚುಮಾತೆಂದು ಮೇಡಮ್ಮಿಗೆ ಅನ್ನಿಸಲಿಲ್ಲ. ಪರದೆಯ ಕಪ್ಪೆಯನ್ನು ಕೊಯ್ಯುತ್ತ ಆಕಳಿಸುವ ಹುಡುಗರನ್ನು ಅವರು ದಿನವೂ ಕಾಣುತ್ತಿದ್ದರು. ಆಮೇಲೆ ಎಷ್ಟೋ ಭಾನುವಾರ ಹೋದರು. ಇಬ್ಬರೂ ಹಳೆಯ ವಾದವನ್ನೇ ಹೊಸದಾಗಿ ಹೂಡಿ, ಒಬ್ಬರೂ ಸೋಲದೆ, ಎರಡನೆಯ ಕಾಫಿಗೆ ನಿಲ್ಲಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಶಾಂತವೀರಪ್ಪನವರು ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಮಾತಾಡಲು ಎದ್ದ ಮೇಡಂ, "ಸರ್ ಇದ್ದಿದ್ರೆ ನಾನು ಹೇಳೋದನ್ನ ಒಪ್ತಿರಲಿಲ್ಲ" ಎಂದಷ್ಟೇ ಹೇಳಿ ಕೂತುಬಿಟ್ಟರು.

ನಿಯಮ ಬರುವ ಮುನ್ನವೇ ತಮ್ಮೊಳಗೊಂದು ನಿಯಮವನ್ನು ಕಂಡುಕೊಂಡವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಊರು ಮೊದಲು ಅವರನ್ನು ಮರುಳರೆಂದು ದೂರವಿಡುತ್ತದೆ. ಅವರು ನಡೆದದ್ದೇ ದಾರಿಯೆಂದು ಆಜ್ಞೆಯಾದಾಗ, ಆ ದಾರಿ ಯಾಕೆಂದು ಕೇಳದೆ ಅವರನ್ನು ದಾಟಿ ಮುಂದೆ ಹೋಗುತ್ತದೆ. ಅಂಥವರು ಹಂಬಲಿಸುವುದು ಜಯಕ್ಕಾಗಿ ಅಲ್ಲ, ತಮ್ಮನ್ನು ಕಾಡಿದ ಪ್ರಶ್ನೆಯೇ ಕಾಡಿದ ಇನ್ನೊಂದು ಜೀವಕ್ಕಾಗಿ, ಅದು ಎದುರುಪಕ್ಷದ್ದಾದರೂ ಸರಿಯೆ. ಆ ಎದುರಾಳಿಯೂ ಇಲ್ಲವಾದ ಮೇಲೆ, ಒಪ್ಪಿದವರೇ ತುಂಬಿರುವ ಲೋಕದಲ್ಲಿ, ಅವರು ನಿಜವಾಗಿ ಒಂಟಿಯಾಗುತ್ತಾರೆ.