ಹೆಬ್ಬೆರಳಿನ ಗೆರೆ

ನೇಲ್ ಕಟರ್ ಟಕ್ಕೆಂದಿತು. ಎಲ್ಲರೂ ಮಲಗಿದ್ದ ಹೊತ್ತು. ಅಷ್ಟು ಸಣ್ಣ ಸದ್ದೂ ಬಚ್ಚಲಿನ ಗೋಡೆಗೆ ತಾಗಿ ದೊಡ್ಡದಾಗಿ ಕೇಳಿತು.

"ಏನೇ ಅದು?" ಕೋಣೆಯೊಳಗಿಂದ ಗಂಡ ಕೇಳಿದ.

"ಏನಿಲ್ಲ, ಉಗುರು ಕತ್ತರಿಸ್ಕೋತಿದೀನಿ. ನೀವು ಮಲಗಿ."

ಬಿದ್ದ ಚೂರನ್ನು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದಳು. ಅದರ ನಡುವೆ ಒಂದು ಕಪ್ಪು ಚುಕ್ಕೆಯಿತ್ತು. ಬಲಗೈಯ ಹೆಬ್ಬೆರಳಿನಲ್ಲಿ, ಬುಡದಿಂದ ತುದಿಯವರೆಗೆ ಪೆನ್ಸಿಲಿನಿಂದ ಎಳೆದಂತಿದ್ದ ಗೆರೆ ಮಾತ್ರ ಇದ್ದಲ್ಲೇ ಇತ್ತು. ತಂಗಿ ಹೇಳಿದ ಪ್ರಕಾರ ಚಳಿಗಾಲ ಮುಗಿಯುವುದರೊಳಗೆ ಅದು ಮೇಲಕ್ಕೆ ಸರಿದು ಉಗುರಿನ ಜೊತೆ ಉದುರಿಹೋಗಬೇಕಿತ್ತು. ಚಳಿಗಾಲ ಕಳೆದು ಬೇಸಿಗೆಯೂ ಅರ್ಧ ಆಗಿತ್ತು. ಗೆರೆ ಅಗಲವಾಗಿತ್ತು; ಬುಡದ ಚರ್ಮಕ್ಕೂ ಮಸಿ ಹತ್ತಿದ ಹಾಗಿತ್ತು. ಸೋಪು ಹಾಕಿ ಉಜ್ಜಿದಳು. ತೋಳು ಎತ್ತಿದಾಗ ಕಂಕುಳಲ್ಲಿ ಏನೋ ಒತ್ತಿದಂತಾಯಿತು. ಬೆರಳಿನಿಂದ ಮುಟ್ಟಿ ನೋಡಿದಳು. ಹುಣಸೆ ಬೀಜದಷ್ಟು ದಪ್ಪದ ಗಂಟು. ಹೆಬ್ಬೆರಳಿಗೂ ಇದಕ್ಕೂ ಸಂಬಂಧವಿರಬಹುದು ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಅವಳದು ಮೂರು ಕುರ್ಚಿಗಳ ಪುಟ್ಟ ಬ್ಯೂಟಿ ಪಾರ್ಲರ್. ತಂಗಿ ಭೌತಶಾಸ್ತ್ರ ಓದಿ ವಿಜ್ಞಾನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದವಳು. ತಾಯಿ ಹೋದ ಮೇಲೆ ಅವಳ ಜಡೆ ಹೆಣೆದು, ಊಟ ಕಟ್ಟಿಕೊಟ್ಟು ಸಾಕಿದವಳು ಅಕ್ಕನೇ. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತಂದು ಸುರಿದರೆ ಹೊರತು ಆ ಕೇಂದ್ರಕ್ಕೆ ನರಪಿಳ್ಳೆಯೂ ಬರುತ್ತಿರಲಿಲ್ಲ. ತಂಗಿ ಭಾಷಣ ಶುರು ಮಾಡಿದರೆ ಜನ ಮೊಬೈಲ್ ತೆಗೆಯುತ್ತಿದ್ದರು. ಒಮ್ಮೆ ಒಬ್ಬ ಮುದುಕ ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದಿದ್ದ. ಅವತ್ತು ಮನೆಗೆ ಬಂದು ಅವಳು ಅತ್ತಿದ್ದು ಅಕ್ಕನಿಗೊಬ್ಬಳಿಗೇ ಗೊತ್ತು.

"ವಿಜ್ಞಾನ ಅಂದ್ರೆ ಮಾರು ದೂರ ಹೋಗೋರು ಇರ್ತಾರಲ್ಲ, ಅವರೇ ಬೇಕಂತೆ ಈಗ," ಎಂದು ಒಂದು ದಿನ ತಂಗಿ ಪಾರ್ಲರಿಗೆ ಬಂದಳು. "ಜನ ಎಲ್ಲಿ ಕೂತಿರ್ತಾರೋ ಅಲ್ಲಿಗೆ ನಾವೇ ಹೋಗ್ಬೇಕು ಅಂತ ನಮ್ಮ ಸರ್ ಹೇಳಿದಾರೆ. ನಿನ್ನ ಕುರ್ಚೀಲಿ ತಲೆಗೆ ಬಣ್ಣ ಹಚ್ಚಿಸ್ಕೊಂಡು ಕೂತೋರು ಎದ್ದು ಓಡೋಕಾಗಲ್ಲ ನೋಡು."

"ಒಳ್ಳೆ ಕಥೆ! ಒಂಬತ್ತನೇ ಕ್ಲಾಸಲ್ಲಿ ವಿಜ್ಞಾನದಲ್ಲೇ ಢುಮ್ಕಿ ಹೊಡೆದೋಳು ನಾನು. ನನ್ನ ಹತ್ರ ಏನ್ ಹೇಳಿಸ್ತೀಯೇ?"

"ಅದಕ್ಕೇ ನೀನು ಬೇಕು. ನಾನು ಹೇಳಿದ್ರೆ ಪಾಠ. ನೀನು ಹೇಳಿದ್ರೆ ಮಾತು."

ಪರದೆಗೆ ಜೋಡಿಸಿದ ಸಣ್ಣ ಮೈಕ್ರೋಸ್ಕೋಪ್ ಕನ್ನಡಿಯ ಪಕ್ಕ ಬಂದು ಕೂತಿತು. ಮೊದಲ ವಾರ ಅದರ ಮೇಲೆ ಟವೆಲ್ ಒಣಗುತ್ತಿತ್ತು. ಆಮೇಲೆ ಒಂದು ದಿನ ಬೇಸರಕ್ಕೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬಳ ಕೂದಲೆಳೆಯನ್ನು ಅದರಡಿ ಇಟ್ಟಳು. ಪರದೆಯ ತುಂಬ ಹೆಂಚಿನ ಮಾಡು! ಒಂದರ ಮೇಲೊಂದು ಹೊದಿಸಿದ ಹೆಂಚುಗಳು, ಅಲ್ಲಲ್ಲಿ ಎದ್ದಿವೆ, ಅಲ್ಲಲ್ಲಿ ಒಡೆದಿವೆ.

"ಅಯ್ಯೋ, ಇದು ನನ್ನ ಕೂದಲಾ?"

"ನಿಮ್ಮದೇ. ದಿನಾ ಇಸ್ತ್ರಿ ಹಾಕಿದ ಹಾಗೆ ನೇರ ಮಾಡ್ಕೋತೀರಲ್ಲ, ನೋಡಿ, ಮಾಡು ಸೋರ್ತಾ ಇದೆ."

ಪಾರ್ಲರ್ ನಕ್ಕಿತು. ಆಮೇಲೆ ಹುಬ್ಬು ತಿದ್ದಿಸಲು ಬಂದವರೂ "ನಂದೂ ಒಂದು ಎಳೆ ನೋಡ್ರೀ" ಎನ್ನತೊಡಗಿದರು. ಅವಳೂ ಕಲಿಯುತ್ತ ಹೋದಳು. ರಾತ್ರಿ ಫೋನಿನಲ್ಲಿ ತಂಗಿಯನ್ನು ಪೀಡಿಸುತ್ತಿದ್ದಳು: ಬಿಳಿ ಕೂದಲು ಯಾಕೆ ಬಿಳಿ? ತಲೆಹೊಟ್ಟಿಗೆ ಜೀವ ಇದೆಯಾ?

ಚಳಿಗಾಲದ ಮೊದಲಲ್ಲಿ ಕೇಂದ್ರದವರು ಕ್ಯಾಮೆರಾ ಹಿಡಿದು ಪಾರ್ಲರಿಗೇ ಬಂದರು. ಹೆಂಗಸರು ಬಾಗಿಲವರೆಗೂ ನಿಂತಿದ್ದರು. ಮಾತು ತಂಗಿಯದು, ತೋರಿಸುವುದು ಅಕ್ಕನದು. ನಡುವೆ ಬ್ಯಾಂಕಿನಾಕೆ ಕೇಳಿದಳು, "ನಿಮ್ಮ ಹೆಬ್ಬೆರಳಿನ ಉಗುರಲ್ಲಿ ಅದೇನ್ರೀ ಗೆರೆ?"

ಅಕ್ಕ ನಗುತ್ತ ಬೆರಳನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. ಎಲ್ಲರೂ ತಂಗಿಯ ಮುಖ ನೋಡಿದರು. ಕೇಂದ್ರದಲ್ಲಿ ಅವರಿಗೆ ಕಲಿಸಿದ್ದೇ ಹಾಗೆ: ಪ್ರಶ್ನೆ ಬಿಸಿಯಾಗಿರುವಾಗಲೇ ಉತ್ತರ ಕೊಡಬೇಕು, ನೋಡಿ ಹೇಳ್ತೀನಿ ಎಂದರೆ ಜನ ಕೈಬಿಟ್ಟು ಹೋಗುತ್ತಾರೆ. ತಂಗಿ ಒಂದು ಕ್ಷಣವೂ ತಡೆಯಲಿಲ್ಲ.

"ಅದು ಹೇರ್ ಡೈ! ದಿನಾ ಬಣ್ಣ ಕಲಸೋ ಕೈ ಅಲ್ವಾ? ಉಗುರು ಬುಡದಿಂದ ಬೆಳೆದು ಮುಂದಕ್ಕೆ ಬರುತ್ತೆ. ಈ ಕಲೆಯೂ ಅದರ ಜೊತೆ ನಡೆದು ಬಂದು ಚಳಿಗಾಲ ಮುಗಿಯೋದ್ರೊಳಗೆ ಬಿದ್ದುಹೋಗುತ್ತೆ. ನೀವೇ ಕಾದು ನೋಡಿ. ಅಕ್ಕನ ಹೆಬ್ಬೆರಳೇ ನಮ್ಮ ಕ್ಯಾಲೆಂಡರ್!"

ಚಪ್ಪಾಳೆ ಬಿತ್ತು. ಬಣ್ಣ ಹಚ್ಚುವಾಗ ಬಲಗೈಗೆ ಯಾವಾಗಲೂ ಗ್ಲೌಸ್ ಇರುತ್ತದಲ್ಲ ಎಂದು ಅಕ್ಕನಿಗೆ ಅನ್ನಿಸಿತು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ತಂಗಿಯ ಮುಖ ಕಂಡಿತು. ಯಾರೂ ಮೊಬೈಲ್ ನೋಡುತ್ತಿರಲಿಲ್ಲ. ಇಡೀ ಕೋಣೆ ಅವಳನ್ನೇ ನೋಡುತ್ತಿತ್ತು. ಅವಳ ಕೆನ್ನೆ ಕೆಂಪಾಗಿತ್ತು. ಓದಿದವಳು, ಅವಳಿಗೆ ಗೊತ್ತಿರುತ್ತದೆ ಎಂದು ಅಕ್ಕ ಮಾತನ್ನು ನುಂಗಿಕೊಂಡಳು.

ಆಮೇಲೆ ಎಷ್ಟು ಜನ ಆ ಬೆರಳು ಹಿಡಿದು ನೋಡಿದರೋ! "ಎಲ್ಲಿಗೆ ಬಂತು ನಿಮ್ಮ ಕ್ಯಾಲೆಂಡರ್?" ಎಂದರೆ, "ನನ್ನ ಹಾಗೇ ಸೋಮಾರಿ, ಹೊರಟೇ ಇಲ್ಲ" ಎಂದು ನಗಿಸುತ್ತಿದ್ದಳು.

ಕಂಕುಳ ಗಂಟು ತೋರಿಸಲು ಆಸ್ಪತ್ರೆಗೆ ಒಬ್ಬಳೇ ಹೋದಳು. ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿ, ತೋಳುದ್ದಕ್ಕೂ ಕಣ್ಣಾಡಿಸಿ, ಹೆಬ್ಬೆರಳನ್ನು ಹಿಡಿದುಕೊಂಡವರು ಬಿಡಲೇ ಇಲ್ಲ.

"ಇದು ಎಷ್ಟು ದಿನದಿಂದ ಇದೆ?"

"ಅದಾ? ಅದು ಡೈ, ಮೇಡಂ."

"ಡೈ ಅಂತ ಯಾರು ಹೇಳಿದ್ರಮ್ಮ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಯಾರೂ ಇಲ್ಲ. ನಾನೇ ಅಂದ್ಕೊಂಡೆ."

ಉಗುರನ್ನು ತೆಗೆದು, ಅದರಡಿಯ ಚೂರನ್ನೂ ಗಂಟಿನ ಚೂರನ್ನೂ ಪರೀಕ್ಷೆಗೆ ಕಳಿಸಿ, ಎದೆಯ ಸ್ಕ್ಯಾನ್ ಕೂಡ ಮಾಡಿಸಿದರು. ಮನೆಯಲ್ಲಿ, ಬಾಗಿಲ ಸಂದಿಗೆ ಬೆರಳು ಸಿಕ್ಕಿತು ಎಂದಳು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು ಕೂತರು. ಉಗುರಿನಡಿ ಹುಟ್ಟಿದ ಕ್ಯಾನ್ಸರ್. ಕಂಕುಳ ಗಂಟಿಗೂ ಹರಡಿದೆ, ಶ್ವಾಸಕೋಶದಲ್ಲೂ ನೆರಳು ಕಾಣುತ್ತಿದೆ. ಚಿಕಿತ್ಸೆ ಇದೆ, ಮಾಡೋಣ. ಪೂರ್ತಿ ವಾಸಿಯಾಗುತ್ತೆ ಅಂತ ಮಾತ್ರ ಮಾತು ಕೊಡಲಾರೆ.

"ಚಳಿಗಾಲದಲ್ಲೇ ಬಂದಿದ್ರೆ?"

ಡಾಕ್ಟರಮ್ಮ ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದರು.

ಪಾರ್ಲರಿಗೆ ಮರಳಿದರೆ ತಂಗಿ ಆಗಲೇ ಕನ್ನಡಿಯ ಮುಂದೆ ಕೂತಿದ್ದಳು.

"ಎಲ್ಲಿ ಹೋಗಿದ್ಯೇ? ಬೇಗ ಬಾ, ನನಗೆ ಜಡೆ ಎತ್ತಿ ಕಟ್ಟು. ನಾಳೆ ದೊಡ್ಡ ಸಭೆ. ಬೇರೆ ಬೇರೆ ಕೇಂದ್ರದೋರೆಲ್ಲ ಬರ್ತಾರೆ. ಆಸಕ್ತಿನೇ ಇಲ್ಲದೋರನ್ನ ಹೇಗೆ ಒಳಗೆ ತಂದ್ರಿ ಅಂತ ನಾನು ಹೇಳ್ಬೇಕಂತೆ, ಅಕ್ಕ. ನಾನು! ಹಳೇ ಫೋಟೋ ಇದೆ, ಗೆರೆ ಹೋದ ಮೇಲಿಂದೂ ಒಂದು ಬೇಕು. ಹೋಯ್ತು ತಾನೇ?"

ಕನ್ನಡಿಯಲ್ಲಿ ಅವಳ ಕಣ್ಣು ಬ್ಯಾಂಡೇಜಿನ ಮೇಲೆ ನಿಂತಿತು.

"ಅಯ್ಯೋ, ಏನಾಯ್ತೇ ಬೆರಳಿಗೆ?"

"ಬಾಗಿಲಿಗೆ ಸಿಕ್ಕಿತು. ಉಗುರೇ ಕಿತ್ತುಬಂತು."

"ಛೇ, ಎಷ್ಟು ನೋವಾಯ್ತೋ!" ತಂಗಿ ಮುಖ ಕಿವುಚಿದಳು. ಆಮೇಲೆ ಮೆಲ್ಲಗೆ, "ಮತ್ತೆ ಗೆರೆ?" ಎಂದಳು.

"ಹೋಯ್ತು ಕಣೇ."

"ನೋಡಿದ್ಯಾ, ನಾನು ಹೇಳಿರ್ಲಿಲ್ವಾ!" ತಂಗಿ ನಕ್ಕಳು. ಚಿಕ್ಕಂದಿನಲ್ಲಿ ಲೆಕ್ಕ ಸರಿ ಬಂದಾಗ ನಗುತ್ತಿದ್ದ ಹಾಗೆಯೇ.

ಅಕ್ಕ ಅವಳ ಕೂದಲನ್ನು ಬಿಚ್ಚಿ ಬಾಚತೊಡಗಿದಳು. ಹೆಬ್ಬೆರಳಿನ ಹಿಡಿತವಿಲ್ಲದೆ ಬಾಚಣಿಗೆ ಜಾರುತ್ತಿತ್ತು. ಗಂಟಿನ ವಿಷಯ ಇಂದಲ್ಲ ನಾಳೆ ಹೇಳಲೇಬೇಕು. ಕಾಯಿಲೆ ಕಂಕುಳಲ್ಲೇ ಶುರುವಾಯಿತು ಎಂದರೆ ಸಾಕು. ಡಾಕ್ಟರಮ್ಮನನ್ನು ಕೇಳಿಕೊಂಡರೆ ಅವರೂ ಸುಮ್ಮನಿರುತ್ತಾರೆ. ಬೆರಳಿನ ಮಾತು ಗಂಡನಿಗೂ ಬೇಡ, ಬ್ಯಾಂಕಿನಾಕೆಗೂ ಬೇಡ, ಇವಳಿಗಂತೂ ಬೇಡವೇ ಬೇಡ.

"ನಾಳೆ ನೀನೂ ಬರ್ತೀಯಲ್ವಾ? ಮುಂದಿನ ಸಾಲಲ್ಲೇ ಕೂತ್ಕೋಬೇಕು. ಯಾಕೆ ಸುಮ್ನಾದೆ? ಅಕ್ಕಾ?"

ಅಕ್ಕ ಡಬ್ಬಿಯಿಂದ ಒಂದು ಹಿಡಿ ಹೇರ್‌ಪಿನ್ ತೆಗೆದು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಳು. ಬಾಯಿ ಖಾಲಿಯಿಲ್ಲ ಎಂದು ಕನ್ನಡಿಗೆ ಸನ್ನೆ ಮಾಡಿ ತೋರಿಸಿ, ತಂಗಿಯ ತಲೆಯನ್ನು ಮೆತ್ತಗೆ ಮುಂದಕ್ಕೆ ಬಾಗಿಸಿದಳು.